ಭಾಗ ಎರಡನ್ನು ಬೈಯುವವರ ಸಂಘ

ಸಂಘಕ್ಕೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ, ಇರುವುದು ನಾಲ್ಕೇ ಜನ. ಸಿದ್ಧಾಂತ ಮಾತ್ರ ಕಬ್ಬಿಣದ್ದು. ದೆವ್ವದ ಸಿನಿಮಾ ಅಂದರೆ ಮೊದಲನೇ ಭಾಗ. ಎರಡನೇದು ಹೆಣಕ್ಕೆ ಪೌಡರ್ ಬಳಿದು ಕುರ್ಚಿಯಲ್ಲಿ ಕೂರಿಸಿದ್ದು. ಮೂರನೇದರ ಬಗ್ಗೆ ಮರ್ಯಾದಸ್ಥರು ಮಾತಾಡುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಈ ನಾಲ್ವರು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಮಿಷನ್ನಿನ ಪಕ್ಕ ಟಿವಿ ಇಟ್ಟುಕೊಂಡು ಕೂರುತ್ತಾರೆ. ಜಗತ್ತೆಲ್ಲ ಬಟ್ಟೆ ಒಗೆದು ಒಣಹಾಕುವ ಹೊತ್ತಿನಲ್ಲಿ ಇವರು ಪರದೆ ಎಳೆದು ಕತ್ತಲೆ ಮಾಡಿಕೊಂಡು ಯಾರದೋ ಕುತ್ತಿಗೆ ಮುರಿಯುವುದನ್ನು ನೋಡುತ್ತಾರೆ.

ಅಧ್ಯಕ್ಷ ಅಂಗಡಿಯವನೇ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡಿ ನಂಬರು ಬರೆದುಕೊಡುವ ಮನುಷ್ಯನಿಗೆ ತನ್ನ ಮೂಗಿನ ತುದಿಯಲ್ಲಿರುವುದು ಮಾತ್ರ ಕಾಣುವುದಿಲ್ಲ. ಎರಡನೆಯವನು ಬೇಕರಿಯವನು. ತೆರೆಯ ಮೇಲೆ ರಕ್ತ ಕಂಡ ಕೂಡಲೇ "ಬಣ್ಣ ಜಾಸ್ತಿಯಾಯ್ತು, ನಾನು ಕೇಕಿಗೂ ಇಷ್ಟು ಹಾಕಲ್ಲ" ಅನ್ನುತ್ತಾನೆ. ಮೂರನೆಯವನು ಡ್ರೈವಿಂಗ್ ಸ್ಕೂಲಿನವನು. ದೆವ್ವ ಹತ್ತಿರ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಅವನು ಕೂರುವ ಕುರ್ಚಿಯ ಮುಂದೆ ನೆಲದ ಟೈಲ್ಸು ಬಿರುಕು ಬಿಟ್ಟಿದೆ. ನಾಲ್ಕನೆಯವಳು ಪಾರ್ಲರಿನವಳು. ಅಧ್ಯಕ್ಷನ ತೀರಿಹೋದ ಮೊದಲ ಹೆಂಡತಿಯ ತಂಗಿ.

ಇನ್ನು ನಮ್ಮ ಕಥೆಯವಳು. ಅಧ್ಯಕ್ಷನ ಎರಡನೇ ಹೆಂಡತಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಅಲ್ಲಿ ಡಾಕ್ಟರಿಂದ ಆಯಾವರೆಗೆ ಎಲ್ಲರೂ ಕರೆಯುವುದು ಎಕ್ಸ್‌ರೇಯಮ್ಮ ಅಂತ. ದಿನವಿಡೀ ಅಸ್ಥಿಪಂಜರಗಳ ಜೊತೆ ಸಂಸಾರ ಮಾಡುವವಳಿಗೆ ಸಿನಿಮಾದ ಅಸ್ಥಿಪಂಜರ ಕಂಡರೆ ಆಕಳಿಕೆ ಬರುತ್ತದೆ, ಅದು ಅವಳ ತಪ್ಪಲ್ಲ. ಸಂಘದಲ್ಲಿ ಅವಳಿಗೆ ಬೇರೆ ಹೆಸರು. ಮದುವೆಯಾದ ಮೊದಲ ವಾರದಲ್ಲೇ ಇಟ್ಟದ್ದು. ಪಾರ್ಟ್ ಟೂ.

"ಪಾರ್ಟ್ ಟೂ ಅತ್ತಿಗೆ, ಒಂದು ಲೋಟ ನೀರು" ಅಂತ ಬೇಕರಿಯವನು ಕೂಗುತ್ತಿದ್ದ. ಅಧ್ಯಕ್ಷನೂ ಹಲ್ಲು ಕಿಸಿಯುತ್ತಿದ್ದ. ತಮಾಷೆಗೆ ಅಂತಾರೆ ಬಿಡು ಅಂತ ಅವಳು ನಾಲ್ಕು ವರ್ಷ ಬಿಟ್ಟಳು. ಬಿಟ್ಟಳು ಅಂದರೆ ನೋವಾಗಲಿಲ್ಲ ಅಂತಲ್ಲ. ಪ್ರತಿ ಸಲವೂ ಆಗುತ್ತಿತ್ತು. ನಡುಮನೆಯಲ್ಲಿ ಮೊದಲನೆಯವಳ ಫೋಟೋ ಇತ್ತು, ತುಟಿ ಓರೆ ಮಾಡಿ ನಗುವ ಫೋಟೋ. ಇವಳು ಧೂಳು ಒರೆಸುವಾಗಲೆಲ್ಲ ಆ ನಗು ತನ್ನನ್ನೇ ಅಳೆಯುತ್ತಿದೆ ಅನ್ನಿಸುತ್ತಿತ್ತು. ಒಂದೆರಡು ಸಲ ಬಟ್ಟೆಯನ್ನು ಮುಖದ ಮೇಲೆ ಸ್ವಲ್ಪ ಜೋರಾಗಿಯೇ ಉಜ್ಜಿದ್ದುಂಟು.

ಸಂಘದ ಆರಾಧ್ಯ ಸಿನಿಮಾ 'ಅಟ್ಟದ ಮೇಲಿನವಳು'. ಯಾವುದೋ ಸಣ್ಣ ಕಂಪನಿ ತೆಗೆದದ್ದು, ಥಿಯೇಟರಿನಲ್ಲಿ ಒಂದು ವಾರ ನಿಂತು ಎತ್ತಂಗಡಿಯಾದದ್ದು. ಅದಕ್ಕೊಂದು ಎರಡನೇ ಭಾಗವೂ ಇತ್ತು. ಎರಡನ್ನೂ ಇಪ್ಪತ್ತಾರು ವರ್ಷದ ಹಿಂದೆ ಮೊದಲ ಹೆಂಡತಿಯೇ ಕ್ಯಾಸೆಟ್ಟಿಗೆ ಕಾಪಿ ಮಾಡಿದ್ದಳು. ಅವಳು ವಿಡಿಯೋ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಕಾಪಿ ಮಾಡುವಾಗ ಶುರುವಿನ ಹೆಸರು ಗಿಸರು ಎಲ್ಲ ತಪ್ಪಿಹೋಗಿ ಸಿನಿಮಾ ನೇರ ಕಥೆಯಿಂದ ಶುರುವಾಗುತ್ತಿತ್ತು. ಕ್ಯಾಸೆಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ ಅವಳೇ ಬರೆದ ಚೀಟಿಗಳು: ಭಾಗ ಒಂದು, ಭಾಗ ಎರಡು. ಲೋಕದಲ್ಲಿ ಈ ಸಿನಿಮಾ ಬಗ್ಗೆ ಬರೆದವನು ಅಧ್ಯಕ್ಷನೊಬ್ಬನೇ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಇವನ ಲೇಖನಗಳು, ಇವನು ಬರೆಯುವಾಗ ನೋಡಿಕೊಳ್ಳುವುದೂ ಇವನ ಲೇಖನಗಳನ್ನೇ.

ಭಾಗ ಒಂದರಲ್ಲಿ ಒಂದು ಸುಟ್ಟು ಕರಿದಾದ ಮನೆ, ಅದಕ್ಕೆ ಬಾಡಿಗೆಗೆ ಬರುವ ಸಂಸಾರ, ಒಬ್ಬ ಮುದಿ ಕಾವಲುಗಾರ. ದೆವ್ವ ಕಾಣುವುದೇ ಇಲ್ಲ, ಬರೀ ಅಟ್ಟದ ಮೇಲಿನ ಹೆಜ್ಜೆ ಸದ್ದು. ಎದೆ ಹಿಂಡುವ ಸಿನಿಮಾ, ಸುಳ್ಳು ಹೇಳಬಾರದು. ಭಾಗ ಎರಡರಲ್ಲಿ ಅದೇ ಮನೆ ಸುಣ್ಣ ಬಳಿದುಕೊಂಡು ಮದುವೆ ಹೆಣ್ಣಿನಂತೆ ನಿಂತಿದೆ. ದೆವ್ವ ತಲೆಯಿಂದ ಕಾಲಿನವರೆಗೆ ಕಾಣುತ್ತದೆ. ಕೊನೆಗೆ ಮನೆಗೆ ಬೆಂಕಿ.

ವರ್ಷಕ್ಕೊಂದು ಸಲ ಬೈಗುಳದ ಭಾನುವಾರ. ಆವತ್ತು ಭಾಗ ಎರಡನ್ನು ಹಾಕಿ, ಸೌಂಡು ಪೂರ್ತಿ ಬಂದ್ ಮಾಡಿ, ಸರದಿಯ ಮೇಲೆ ಬೈಯುವುದು. ಸೌಂಡು ಯಾಕೆ ಬಂದ್ ಅಂದರೆ ಬೈಗುಳ ಸ್ಪಷ್ಟವಾಗಿ ಕೇಳಬೇಕಲ್ಲ. ಈ ಸಲ ಎಕ್ಸ್‌ರೇಯಮ್ಮನಿಗೆ ಭಾನುವಾರದ ಡ್ಯೂಟಿ ಇರಲಿಲ್ಲ. ಚಹಾ ತಂದವಳು ಮೂಲೆಯ ಸ್ಟೂಲಿನ ಮೇಲೆ ಕೂತಳು.

"ಮೊದಲನೇದರಲ್ಲಿ ಸುಟ್ಟ ಮನೆ ಇಲ್ಲಿ ಹೊಸದು" ಅಂದ ಅಧ್ಯಕ್ಷ. "ನೋಡೋರು ಕುರುಡರು ಅಂದ್ಕೊಂಡಿದ್ದಾರೆ."

"ಸುಟ್ಟಿದ್ದನ್ನೇ ಮತ್ತೆ ಸುಡ್ತಾರೆ" ಅಂದ ಬೇಕರಿಯವನು. "ನನ್ನ ಕೆಲಸದವನೂ ಹಾಗೇ ಮಾಡ್ತಾನೆ, ಬನ್ನು."

"ಕಾವಲುಗಾರನ ಕೂದಲು ಅಲ್ಲಿ ಬಿಳಿ, ಇಲ್ಲಿ ಕಪ್ಪು" ಅಂದ ಡ್ರೈವಿಂಗ್ ಸ್ಕೂಲಿನವನು.

ಪಾರ್ಲರಿನವಳು ತೆರೆಯಿಂದ ಕಣ್ಣು ಕೀಳದೆ, "ಅಗ್ಗದ ಡೈ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎಕ್ಸ್‌ರೇಯಮ್ಮ ನಗಲಿಲ್ಲ. ಅವಳು ಕಾವಲುಗಾರನ ಎಡಗೈ ನೋಡುತ್ತಿದ್ದಳು. ಮನೆಯಲ್ಲಿ ಊಟದ ಹೊತ್ತಿಗೆ ಗಂಡ ಭಾಗ ಒಂದು ಓಡಿಸಿ ಓಡಿಸಿ ಅವಳಿಗೆ ಆ ಮುದುಕನ ಕೈ ಬಾಯಿಪಾಠವಾಗಿತ್ತು. ಮಣಿಕಟ್ಟು ಮುರಿದು, ಸರಿಯಾಗಿ ಕೂರಿಸದೆ, ಊಟದ ಫೋರ್ಕಿನ ಹಾಗೆ ಬಾಗಿಕೊಂಡು ಕೂಡಿದ್ದ ಕೈ. ಅಂಥದ್ದು ವಾರಕ್ಕೆ ಮೂರು ಅವಳ ಮೇಜಿನ ಮೇಲೆ ಬರುತ್ತವೆ. ಇಲ್ಲಿ ಅದೇ ನಟ, ಅದೇ ಎಡಗೈ, ನೆಟ್ಟಗೆ. ಅಷ್ಟರಲ್ಲಿ ಅವನು ಅಟ್ಟದ ಏಣಿಯಿಂದ ಬಿದ್ದ. ಬಿದ್ದು ಎಡ ಮಣಿಕಟ್ಟು ಹಿಡಿದುಕೊಂಡು ಬಾಯಿ ತೆರೆದ, ಸೌಂಡಿಲ್ಲದ್ದರಿಂದ ಕೂಗು ಕೇಳಲಿಲ್ಲ.

"ಈ ಕೈ ಅಲ್ಲಿ ಸೊಟ್ಟಗಿದೆ" ಅಂದಳು.

"ಅದೂ ಒಂದು ಎಡವಟ್ಟು" ಅಂದ ಅಧ್ಯಕ್ಷ, ಸಂಭ್ರಮದಿಂದ. "ನೋಡಿ, ನಮ್ಮ ಪಾರ್ಟ್ ಟೂಗೂ ಕಾಣಿಸ್ತು."

ಅವಳು ಖಾಲಿ ಲೋಟ ಎತ್ತಿಕೊಂಡು ಎದ್ದಳು. ಒಬ್ಬನೇ ರೋಗಿಯ ಹಳೇ ಫಿಲ್ಮು ಹೊಸ ಫಿಲ್ಮು ಪಕ್ಕಪಕ್ಕ ಇಟ್ಟು ಯಾವುದು ಮುಂಚಿನದು ಅಂತ ಹೇಳುವುದು ಅವಳ ದಿನದ ಕೆಲಸ. ತಾರೀಕು ಅಳಿಸಿಹೋಗಿದ್ದರೂ ಮೂಳೆ ಹೇಳುತ್ತದೆ. ನೆಟ್ಟಗಿದ್ದದ್ದು ಮುರಿದು ಸೊಟ್ಟಗಾಗುತ್ತದೆ. ಸೊಟ್ಟಗೆ ಕೂಡಿದ್ದು ತಾನಾಗಿ ನೆಟ್ಟಗಾದದ್ದು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಒಂದೂ ಇಲ್ಲ.

ಬುಧವಾರ ಅವಳಿಗೆ ಮಧ್ಯಾಹ್ನದ ಬಿಡುವು. ಗಂಡ ಅಂಗಡಿಯಲ್ಲಿದ್ದ. ಅವಳು ಮನೆಯಲ್ಲಿ ಭಾಗ ಎರಡು ಅಂತ ಚೀಟಿಯಿದ್ದ ಕ್ಯಾಸೆಟ್ಟನ್ನು ಹಾಕಿ, ಸೌಂಡು ಕೊಟ್ಟು, ಮಡಿಸಬೇಕಾದ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಪೂರ್ತಿ ನೋಡಿದಳು. ಮೊದಲ ಐದು ನಿಮಿಷದಲ್ಲೇ ಮನೆ ಕಟ್ಟಿಸಿದವನು ಬೀಗದ ಕೈ ಕೊಡುತ್ತ "ಈ ಮನೇಲಿ ಇದುವರೆಗೆ ಯಾರೂ ಇದ್ದಿಲ್ಲ" ಅನ್ನುತ್ತಾನೆ. ಆಮೇಲೆ ಭಾಗ ಒಂದನ್ನು ಹಾಕಿದಳು. ಅದರಲ್ಲಿ ಮುದಿ ಕಾವಲುಗಾರ ಅಟ್ಟದ ಕಡೆ ನೋಡಿ "ಆವತ್ತು ಏಣಿಯಿಂದ ಬಿದ್ದಿದ್ದೆನಲ್ಲ" ಅನ್ನುತ್ತಾನೆ. ಈ ಒಂದು ಮಾತಿನ ಮೇಲೆ ಅಧ್ಯಕ್ಷ ಒಂದೂವರೆ ಪುಟ ಬರೆದಿದ್ದ. ನಮಗೆ ಎಂದೂ ತೋರಿಸದ ಪತನ, ತೋರಿಸದೇ ಇರುವುದೇ ಭಯ, ಹಾಗೆ ಹೀಗೆ. ತೋರಿಸಿದ್ದರು ಮಹಾರಾಯ. ಇನ್ನೊಂದು ಕ್ಯಾಸೆಟ್ಟಿನಲ್ಲಿ ಬೆಳಕು ಹಾಕಿ ಕಣ್ಣಿಗೆ ರಾಚುವ ಹಾಗೆ ತೋರಿಸಿದ್ದರು.

ಅಂದರೆ ಸಂಘ ಇಪ್ಪತ್ತಾರು ವರ್ಷದಿಂದ ತಲೆ ಮೇಲೆ ಹೊತ್ತು ಮೆರೆಸಿದ್ದು ಎರಡನೇ ಭಾಗವನ್ನು. ಉಗಿದು ಉಪ್ಪು ಹಾಕಿದ್ದು ಮೊದಲನೇ ಭಾಗಕ್ಕೆ. ಎರಡನೇದು ಕೆಟ್ಟದ್ದೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡವರಿಗೆ ಕಣ್ಣಿಗೆ ಬಿದ್ದ ಸಾಕ್ಷಿಯೆಲ್ಲ ಎಡವಟ್ಟಿನ ಹಾಗೇ ಕಂಡಿತ್ತು.

ಬೇರೆ ವಾರವಾಗಿದ್ದರೆ ಅವಳು ಹೊಟ್ಟೆ ತುಂಬ ನಕ್ಕು ಮರೆಯುತ್ತಿದ್ದಳೇನೋ. ಆದರೆ ಈ ಶನಿವಾರ ಮಾರ್ಕೆಟ್ಟಿನ ಹತ್ತಿರದ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಎರಡೂ ಸಿನಿಮಾ ಒಂದರ ಹಿಂದೊಂದು ಹಾಕುವವರಿದ್ದರು. ನಿರ್ಮಾಪಕನ ಮೊಮ್ಮಗಳಿಗೆ ಗೋಡೌನಿನಲ್ಲಿ ರೀಲಿನ ಡಬ್ಬಗಳು ಸಿಕ್ಕಿದ್ದವು, ಮೇಲೆ ನಂಬರು ಸಮೇತ. ಮ್ಯಾನೇಜರು ರೀಲು ಹರಿದಿದೆಯಾ ಅಂತ ನೋಡಿದ್ದನೇ ಹೊರತು ಸಿನಿಮಾ ನೋಡಿರಲಿಲ್ಲ. ಆಟಕ್ಕೆ ಮುಂಚೆ ಭಾಷಣಕ್ಕೆ ತಜ್ಞರು ಬೇಕಾಗಿದ್ದರು. ತಜ್ಞರು ಯಾರು, ಇವನೇ. ಹನ್ನೊಂದು ಪುಟದ ಭಾಷಣ ಬರೆದು ಎರಡು ವಾರದಿಂದ ಕನ್ನಡಿ ಮುಂದೆ ಓದುತ್ತಿದ್ದ.

ಹನ್ನೊಂದನೇ ಪುಟ ಅವಳು ಓದಿದ್ದಳು. "ಮೊದಲನೆಯದಕ್ಕೆ ಸಮಾನವಾದ ಎರಡನೆಯದು ಸಿನಿಮಾದಲ್ಲೂ ಇಲ್ಲ, ಬಾಳಿನಲ್ಲೂ ಇಲ್ಲ" ಅಂತ ಶುರುವಾಗಿ, ಈ ಸಿನಿಮಾವನ್ನು ತನಗೆ ತೋರಿಸಿದ ಮೊದಲ ಹೆಂಡತಿಗೆ ಅರ್ಪಿಸುವುದರಲ್ಲಿ ಮುಗಿಯುತ್ತಿತ್ತು. ಇವಳು ಮುಂದಿನ ಸಾಲಿನಲ್ಲಿ ಕೂರಬೇಕು, ಆಸ್ಪತ್ರೆಯಿಂದ ಆರು ಜನ ಬರುವವರಿದ್ದರು, ಅವರ ನಡುವೆ ಕೂತು ಅದನ್ನು ಕೇಳಿ ಚಪ್ಪಾಳೆಯನ್ನೂ ತಟ್ಟಬೇಕು. ಆಗುವುದಿಲ್ಲ ಅನ್ನಿಸಿತು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿ ಇತ್ತು. ಆ ಪುಟ ಅವನ ಬಾಯಿಂದ ಬಂದರೆ ಭಾನುವಾರ ಅಲ್ಲಿಗೆ ಹೋಗುವುದು ಅಂತ ನಿರ್ಧಾರ ಮಾಡಿ, ವಾರ್ಡನ್ನಿಗೆ ಕೋಣೆ ಯಾರಿಗೂ ಕೊಡಬೇಡಿ ಅಂತ ಹೇಳಿಯೂ ಬಂದಳು.

ಆದರೂ ಮನುಷ್ಯನಿಗೊಂದು ಅವಕಾಶ ಕೊಡಬೇಕಲ್ಲ. ಗುರುವಾರ ಸಂಜೆ ಡ್ಯೂಟಿ ಮುಗಿಸಿ ಅಂಗಡಿಗೆ ಹೋದಳು. ಅವನು ಯಾರದೋ ಕನ್ನಡಕದ ಕಾಲಿಗೆ ಸ್ಕ್ರೂ ಹಾಕುತ್ತಿದ್ದ.

"ರೀ, ಭಾಷಣದಲ್ಲಿ ಕೊನೇ ಪುಟ ತೆಗೀರಿ."

"ಯಾಕೆ? ಅದೇ ಚೆನ್ನಾಗಿರೋದು."

"ಅಷ್ಟು ಜನರ ಮುಂದೆ ಅದನ್ನ ಕೇಳ್ಕೊಂಡು ಕೂರೋಕೆ ನನಗಾಗಲ್ಲ."

"ಅದು ಸಿನಿಮಾ ಬಗ್ಗೆ ಕಣೇ. ಎಲ್ಲಾದನ್ನೂ ನೀನು ನಿನಗೇ ತಗಲಿಸಿಕೋಬೇಡ."

"ಬಾಳಿನಲ್ಲೂ ಇಲ್ಲ ಅಂತ ಬರೆದಿದ್ದೀರಲ್ಲ. ಬಾಳು ಅಂದ್ರೆ ಯಾವ ಸಿನಿಮಾ?"

ಅವನ ಕೈಯಿಂದ ಸ್ಕ್ರೂ ಕೆಳಗೆ ಬಿದ್ದಿತ್ತು, ಹುಡುಕುತ್ತಿದ್ದ. ಅವಳು ಬಗ್ಗಿ ಎತ್ತಿಕೊಟ್ಟು, ಮೆಲ್ಲಗೆ ಹೇಳಿದಳು. ಕೈ, ಏಣಿ, ಹೊಸ ಮನೆ, ಬೀಗದ ಕೈ, ಒಂದೂ ಬಿಡದೆ ಹೇಳಿದಳು. ಚೀಟಿ ಅದಲುಬದಲಾಗಿದೆ ಅಂದಳು. ಅವನು ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಆ ಚೀಟಿ ಬರೆದಿದ್ದು ಅವಳು."

"ಗೊತ್ತು."

"ಸಾವಿರ ಕ್ಯಾಸೆಟ್ಟಿನ ಲೈಬ್ರರಿ ನೋಡ್ಕೊಂಡವಳು. ಒಂದು ಚೀಟಿ ತಪ್ಪಿದವಳಲ್ಲ. ನೀನು ಬಂದು ನಾಲ್ಕು ವರ್ಷ ಆಯ್ತು, ಅವಳ ಕೈಬರಹಕ್ಕೆ ತಪ್ಪು ಹಿಡಿಯೋಷ್ಟು ದೊಡ್ಡವಳಾಗಿಬಿಟ್ಯಾ?"

ಹೇಳಿದ ಮೇಲೆ ಅವನಿಗೇ ಕೆಟ್ಟದೆನಿಸಿರಬೇಕು, ಕನ್ನಡಕ ತೆಗೆದು ಒರೆಸತೊಡಗಿದ. ಅವಳು ಅಂಗಡಿಯಿಂದ ಹೊರಟಳು. ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಅತ್ತಳು. ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು, ಅದಕ್ಕೆ ಇನ್ನೊಂದು ಸ್ವಲ್ಪ ಅತ್ತಳು.

ಶುಕ್ರವಾರ ಪಾರ್ಲರಿಗೆ ಹೋದದ್ದು ಯಾವ ತನಿಖೆಗೂ ಅಲ್ಲ. ಮನೆ ಬಿಟ್ಟು ಹೋಗುವುದಾದರೂ ತಲೆಗೂದಲು ಕಪ್ಪು ಮಾಡಿಕೊಂಡೇ ಹೋಗುವುದು ಅಂತ. ಪಾರ್ಲರಿನವಳು ಅವಳ ಕುತ್ತಿಗೆಗೆ ಟವೆಲ್ಲು ಸುತ್ತಿ, ಬಟ್ಟಲಲ್ಲಿ ಡೈ ಕಲಸಿ, ಬ್ರಷ್ಷಿನಿಂದ ಬೈತಲೆ ಬೈತಲೆ ತೆಗೆದು ಹಚ್ಚುತ್ತಿದ್ದಳು. ಇಬ್ಬರ ನಡುವೆ ಮಾತು ಯಾವತ್ತೂ ಅಷ್ಟಕ್ಕಷ್ಟೇ. ನಾಲ್ಕು ವರ್ಷದಲ್ಲಿ ಅವಳು ಇವಳನ್ನು ಅಕ್ಕ ಅನ್ನಲಿಲ್ಲ, ಅತ್ತಿಗೆ ಅನ್ನಲಿಲ್ಲ, ಬರೀ "ನೀವು".

ಕನ್ನಡಿಯಲ್ಲಿ ತನ್ನ ಕಪ್ಪಾಗುತ್ತಿರುವ ತಲೆ ನೋಡುತ್ತಿದ್ದ ಎಕ್ಸ್‌ರೇಯಮ್ಮನ ಬಾಯಿಂದ ತಾನಾಗಿ ಬಂತು. "ಆ ಕಾವಲುಗಾರನದು ಡೈ ಅಲ್ಲ, ಅಲ್ವಾ?"

ಬ್ರಷ್ಷು ನಿಂತಿತು.

"ಯಾವಾಗ ಗೊತ್ತಾಯ್ತು ನಿಮಗೆ?" ಅಂದಳು ಪಾರ್ಲರಿನವಳು.

"ಭಾನುವಾರ. ನಿಮಗೆ?"

"ನನಗೆ ಇಪ್ಪತ್ತಾರು ವರ್ಷದಿಂದ."

ತಲೆ ತುಂಬ ಡೈ ಮೆತ್ತಿಕೊಂಡವಳು ಎದ್ದು ಹೋಗುವ ಹಾಗಿಲ್ಲ, ಅರ್ಧ ಗಂಟೆ ಅಲ್ಲೇ ಕೂರಬೇಕು. ಪಾರ್ಲರಿನವಳು ಬಾಗಿಲಿಗೆ ಚಿಲಕ ಹಾಕಿ ಬಂದು ಪಕ್ಕದ ಕುರ್ಚಿಯಲ್ಲಿ ಕುಸಿದಳು.

"ಅಕ್ಕ ಬೇಕಂತಲೇ ಮಾಡಿದ್ದು" ಅಂದಳು. "ಮದುವೆಯಾದ ಹೊಸದರಲ್ಲಿ ಭಾವ ಎರಡನೇ ಭಾಗ ಅಂದ್ರೆ ಮೂಗು ಮುರೀತಿದ್ರು. ಮುಟ್ಟೋಕೂ ಇಲ್ಲ. ಅಕ್ಕನಿಗೆ ಈ ಎರಡನೇದು ಅಂದ್ರೆ ಪ್ರಾಣ. ಲೈಬ್ರರೀಲಿ ಹತ್ತು ಸಲ ನೋಡಿದ್ಲು. ಈ ಮನುಷ್ಯ ಹೆಸರು ನೋಡಿ ಸಿನಿಮಾ ನೋಡ್ತಾನೆ, ಇವನಿಗೆ ಹೀಗೇ ಮಾಡಬೇಕು ಅಂದ್ಲು. ಹೆಸರು ಬರೋ ಜಾಗ ಕತ್ತರಿಸಿದ್ಲು, ಚೀಟಿ ಉಲ್ಟಾ ಅಂಟಿಸಿದ್ಲು. ಒಂದು ವಾರ ಬಿಟ್ಟು ಹೇಳೋಣ ಅಂತಿದ್ದಳು. ಅಷ್ಟರಲ್ಲಿ ಭಾವ ಮೊದಲನೇ ಲೇಖನ ಬರೆದು ಪತ್ರಿಕೆಗೆ ಕಳಿಸಿಬಿಟ್ಟಿದ್ದರು. ಆಮೇಲೆ ನಮಗೆ ಅದೇ ಮಜಾ ಆಯ್ತು. ಬೈಗುಳದ ಭಾನುವಾರ ಮುಗಿದ ಮೇಲೆ ನಾವಿಬ್ಬರೂ ಅಡುಗೆಮನೇಲಿ ಬಾಯಿಗೆ ಸೆರಗು ತುರುಕಿಕೊಂಡು ನಗ್ತಿದ್ವಿ."

ಎಕ್ಸ್‌ರೇಯಮ್ಮನಿಗೆ ನಗು ಬಂತು, ತಡೆದುಕೊಂಡಳು. ಪಾರ್ಲರಿನವಳು ನಗುತ್ತಿರಲಿಲ್ಲ.

"ಕೊನೇ ತಿಂಗಳು ಆಸ್ಪತ್ರೇಲಿ ಒಂದು ಮಾತು ಹೇಳಿದ್ಲು. ಇವನು ಇನ್ನೊಂದು ಮದುವೆ ಆಗ್ತಾನೆ, ಆಗಲಿ, ಇವನಿಗೆ ಒಂದು ಮೊಟ್ಟೆ ಬೇಯಿಸೋಕೆ ಬರಲ್ಲ. ಆದ್ರೆ ಬಂದವಳನ್ನ ಮೊದಲನೇದರ ಹಾಗಿಲ್ಲ ಅಂತ ಗೋಳು ಹುಯ್ಕೊಳ್ತಾನೆ. ಆವಾಗ ಅವಳಿಗೆ ಈ ಕ್ಯಾಸೆಟ್ಟಿನ ವಿಷಯ ಹೇಳು, ಅವಳ ಕೈಗೊಂದು ಕೋಲು ಇರಲಿ ಅಂದ್ಲು."

"ನೀವು ಹೇಳಲಿಲ್ಲ."

"ಹೇಳಲಿಲ್ಲ. ಅಕ್ಕ ಚಪ್ಪಲಿ ಬಿಡ್ತಿದ್ದ ಜಾಗದಲ್ಲಿ ನಿಮ್ಮ ಚಪ್ಪಲಿ ನೋಡಿದ್ರೆ ಹೊಟ್ಟೆ ಉರೀತಿತ್ತು. ಪಾರ್ಟ್ ಟೂ ಅಂತ ಹೆಸರಿಟ್ಟವಳೂ ನಾನೇ. ಬೇಕರಿಯವನು ಅಂತ ನೀವು ಅಂದ್ಕೊಂಡಿದ್ರಿ, ಅವನಿಗೆ ಅಷ್ಟು ಬುದ್ಧಿ ಎಲ್ಲಿದೆ." ಅವಳು ಟವೆಲ್ಲಿನ ತುದಿ ಹಿಡಿದು ತಿರುವಿದಳು. "ತಪ್ಪು ಮಾಡಿದೆ ಅಕ್ಕ."

ನಾಲ್ಕು ವರ್ಷದ ಸಿಟ್ಟು ಒಟ್ಟಿಗೆ ಬಂತು. ಡೈ ಬಟ್ಟಲನ್ನು ಅವಳ ತಲೆ ಮೇಲೆ ಬೋರಲು ಹಾಕೋಣ ಅನ್ನಿಸಿತು, ಅದು ಸುಳ್ಳಲ್ಲ. ಆದರೆ ಕಣ್ಣ ಮುಂದೆ ಬಂದದ್ದು ನಡುಮನೆಯ ಫೋಟೋ. ಸಾಯುವ ಹಾಸಿಗೆಯಲ್ಲಿ ಮಲಗಿ, ತಾನು ಕಂಡೇ ಇರದ ಒಬ್ಬ ಹೆಂಗಸಿನ ಪರ ನಿಂತವಳು. ಎಕ್ಸ್‌ರೇಯಮ್ಮನಿಗೆ ಮೊದಲ ಸಲ ಅವಳ ಮೇಲೆ ಪ್ರೀತಿ ಬಂತು. ಜೊತೆಗೆ ಕೂತು ಒಂದು ಲೋಟ ಚಹಾ ಕುಡಿಯಬಹುದಿತ್ತು ಅನ್ನುವಷ್ಟು ಪ್ರೀತಿ.

"ನಾನೇ ಹೋಗಿ ಭಾವನಿಗೆ ಹೇಳ್ತೀನಿ" ಅಂದಳು ಪಾರ್ಲರಿನವಳು. "ನಾನು ಹೇಳಿದ್ರೆ ನಂಬ್ತಾರೆ. ಇಲ್ಲದಿದ್ರೆ ನಾಳೆ ಮರ್ಯಾದೆ ಹೋಗುತ್ತೆ."

"ಬೇಡ. ಓದಲಿ."

"ಹನ್ನೊಂದು ಪುಟಾನೂ?"

"ಹನ್ನೊಂದೂ. ಮರ್ಯಾದೆ ಸ್ವಲ್ಪ ಜಾಸ್ತಿಯೇ ಇದೆ ಅವರಿಗೆ, ಹೋದ್ರೂ ಉಳಿಯುತ್ತೆ." ಆಮೇಲೆ ದನಿ ಇಳಿಸಿ ಅಂದಳು, "ಕೊನೇ ಪುಟ ಓದ್ತಾರಾ ಇಲ್ವಾ ಅಂತ ನನಗೆ ನೋಡ್ಬೇಕು. ಕ್ಯಾಸೆಟ್ಟಿಗೆ ಹೆದರಿ ಬಿಟ್ರೆ ಅದರಲ್ಲೇನಿದೆ. ನನಗೆ ನೋವಾಗುತ್ತೆ ಅಂತ ಬಿಡಬೇಕು."

ಶನಿವಾರ ಥಿಯೇಟರಿನಲ್ಲಿ ಇನ್ನೂರು ಜನ ಸೇರಿದ್ದರು. ಅಧ್ಯಕ್ಷ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತೆರೆಯ ಮುಂದೆ ನಿಂತ. ಬೇಕರಿಯವನೂ ಡ್ರೈವಿಂಗ್ ಸ್ಕೂಲಿನವನೂ ಎರಡನೇ ಸಾಲಿನಲ್ಲಿ, ತಮ್ಮದೇ ಮದುವೆ ಅನ್ನುವ ಹಾಗೆ ಬೀಗಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಎಕ್ಸ್‌ರೇಯಮ್ಮ, ಪಕ್ಕದಲ್ಲಿ ಪಾರ್ಲರಿನವಳು, ಆಚೆ ಆಸ್ಪತ್ರೆಯ ಆರು ಜನ.

ಓದಿದ. ಚೆನ್ನಾಗಿಯೇ ಓದಿದ, ಅವನಿಗೆ ಬಾಯಿ ಇದೆ. ನೀವು ಈಗ ನೋಡುವ ಮೊದಲ ಭಾಗದಲ್ಲಿ ದೆವ್ವ ಕಾಣುವುದಿಲ್ಲ ಅಂದ. ಮನೆ ಸುಟ್ಟು ಕರಿದಾಗಿದೆ ಅಂದ. ಎಂದೂ ತೋರಿಸದ ಪತನದ ಬಗ್ಗೆ ಒಂದೂವರೆ ಪುಟ ಓದಿದ. ಎರಡನೇದನ್ನು ನೋಡಲೇಬೇಕೆಂದಿಲ್ಲ, ಇಂಟರ್ವಲ್ಲಿಗೆ ಎದ್ದು ಹೋದರೆ ಬುದ್ಧಿವಂತಿಕೆ ಅಂದಾಗ ಮ್ಯಾನೇಜರಿನ ಮುಖ ಹುಳ್ಳಗಾಯಿತು. ಪಾರ್ಲರಿನವಳು ಕರ್ಚೀಫು ಕಚ್ಚಿಕೊಂಡು 'ಅಯ್ಯೋ ದೇವರೇ, ಅಯ್ಯೋ ದೇವರೇ' ಅನ್ನುತ್ತಿದ್ದಳು. ಹತ್ತು ಪುಟ ಮುಗಿಯಿತು.

ಹನ್ನೊಂದನೇದನ್ನು ಎತ್ತಿದ. ಎಕ್ಸ್‌ರೇಯಮ್ಮ ನಗಲು ತಯಾರಾಗಿ ಕೂತಿದ್ದಳು. ಈಗ ಆ ಪುಟ ಎಷ್ಟು ದೊಡ್ಡ ತಮಾಷೆ ಅಂತ ಅವಳಿಗೆ ಗೊತ್ತಿತ್ತಲ್ಲ. ಆದರೂ ಬೆರಳುಗಳು ಕುರ್ಚಿಯ ಕೈ ಹಿಡಿದುಕೊಂಡಿದ್ದವು. ಅವನು ಬಾಯಿ ತೆರೆದ. ಮುಂದಿನ ಸಾಲು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, "ಇಷ್ಟೇ" ಅಂದ.

ಚಪ್ಪಾಳೆ ಬಿತ್ತು. ಅವಳಿಗೆ ನಗುವೂ ಬರಲಿಲ್ಲ, ಚಪ್ಪಾಳೆಗೆ ಕೈಯೂ ಏಳಲಿಲ್ಲ. ಕಣ್ಣು ತುಂಬಿಬಂತು. ಥೂ, ಈ ಮನುಷ್ಯ ಒಂದು ಸೇಡನ್ನೂ ನೆಟ್ಟಗೆ ತೀರಿಸಿಕೊಳ್ಳಲು ಬಿಡುವುದಿಲ್ಲ ಅಂದುಕೊಂಡಳು.

ಅವನು ಬಂದು ಪಕ್ಕ ಕೂತ. ದೀಪ ಆರಿತು. ತೆರೆಯ ಮೇಲೆ 'ಅಟ್ಟದ ಮೇಲಿನವಳು' ಅಂತ ದಪ್ಪ ಅಕ್ಷರ ಬಂತು. ಹಿಂದೆಯೇ ಸುಣ್ಣ ಬಳಿದ ಹೊಸ ಮನೆ.

"ರೀಲು ತಪ್ಪು ಹಾಕಿದ್ದಾರೆ" ಅಂತ ಅವನು ಅರ್ಧ ಎದ್ದ. ಅವಳು ಅಂಗಿ ಹಿಡಿದು ಕೂರಿಸಿದಳು. ಮನೆ ಕಟ್ಟಿಸಿದವನು ಬೀಗದ ಕೈ ಕೊಟ್ಟು, ಈ ಮನೇಲಿ ಇದುವರೆಗೆ ಯಾರೂ ಇದ್ದಿಲ್ಲ ಅಂದ. ಕಪ್ಪು ಕೂದಲಿನ ಕಾವಲುಗಾರ ನೆಟ್ಟಗಿನ ಕೈಯಲ್ಲಿ ಪೆಟ್ಟಿಗೆ ಎತ್ತಿದ. ಹಿಂದಿನ ಸಾಲುಗಳಲ್ಲಿ ಕಿಸಿಕಿಸಿ ಶುರುವಾಗಿತ್ತು. ಏಣಿಯಿಂದ ಬೀಳುವ ಜಾಗ ಬಂತು. ಎಂದೂ ತೋರಿಸದ ಪತನವನ್ನು ಇನ್ನೂರು ಜನ ಕಣ್ಣಾರೆ ಕಂಡರು, ಕೂಗು ಸಮೇತ. ಇಡೀ ಥಿಯೇಟರು ಗೊಳ್ಳೆಂದು ನಕ್ಕಿತು. ಡ್ರೈವಿಂಗ್ ಸ್ಕೂಲಿನವನು ಮುಂದಿನ ಕುರ್ಚಿಗೆ ಬ್ರೇಕ್ ಒತ್ತಿದ.

ಅಧ್ಯಕ್ಷ ಹೆಂಡತಿಯ ಕಡೆ ತಿರುಗಿದ.

"ನೀನು ಹೇಳಿದ್ದು ಸರಿ" ಅಂದ ಕೊನೆಗೆ. "ಅವಳು ತಪ್ಪು ಬರೆದಿದ್ಲು."

"ತಪ್ಪು ಬರೆದಿಲ್ಲ ಅವರು. ಬೇಕಂತಲೇ ಬರೆದಿದ್ದು. ಇಲ್ಲಾಂದ್ರೆ ನೀವು ನೋಡ್ತಾನೇ ಇರಲಿಲ್ಲ ಅಂತ."

ಅವನು ಪಾರ್ಲರಿನವಳ ಕಡೆ ಬಗ್ಗಿ ನೋಡಿದ. ಅವಳು ಕತ್ತಲೆಯಲ್ಲೇ ಹೌದೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಅಂತ ಎಕ್ಸ್‌ರೇಯಮ್ಮ ಕೈ ಹಿಡಿದಳು. ನಗುತ್ತಿದ್ದ. ನಕ್ಕು ನಕ್ಕು ಆಮೇಲೆ ನಿಜವಾಗಿ ಅತ್ತ. "ಇಪ್ಪತ್ತಾರು ವರ್ಷ ನನ್ನನ್ನ ಮಂಗ ಮಾಡಿದ್ಲಲ್ಲ" ಅಂತ ಎರಡು ಸಲ ಅಂದ.

ಇಂಟರ್ವಲ್ಲಿಗೆ ದೀಪ ಹತ್ತಿದಾಗ ಬೇಕರಿಯವನು ಪಾಪ್‌ಕಾರ್ನ್ ತರುವ ನೆಪದಲ್ಲಿ ಮಾಯವಾಗಿದ್ದ. ಹಿಂದಿನಿಂದ ಯಾರೋ "ಸಾರ್, ನಾವೀಗ ಎದ್ದು ಹೋಗ್ಬೇಕಾ, ಕೂರ್ಬೇಕಾ?" ಅಂತ ಕೇಳಿದರು. ಅಧ್ಯಕ್ಷ ಎದ್ದು ನಿಂತ. ಓಡಿಹೋಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು.

"ಕೂರಿ" ಅಂದ. "ನಾನು ಹೊಗಳಿದ್ದೆಲ್ಲ ಎರಡನೇದನ್ನ. ಮೊದಲನೇದನ್ನ ನಾನು ಸೌಂಡ್ ಹಾಕಿ ನೋಡಿದ್ದು ಇವತ್ತೇ, ಅದೂ ಚೆನ್ನಾಗಿದೆ. ಹತ್ತು ಪುಟ ಓದಿದ್ದಕ್ಕೆ ಕ್ಷಮೆ ಇರಲಿ."

ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ಅವನು ಕೂತು, ಅವಳ ಕಡೆ ತಿರುಗದೆ, "ಮೊನ್ನೆ ಅಂಗಡೀಲಿ ಅಂದಿದ್ದು ತುಂಬಾ ಕೆಟ್ಟ ಮಾತು. ನಾಲಿಗೆ ಕಿತ್ತಿಡಬೇಕು" ಅಂದ.

"ನಾಳೆ ಕ್ವಾರ್ಟರ್ಸಿಗೆ ಹೋಗೋಳಿದ್ದೆ" ಅಂದಳು. "ಕೋಣೆಗೂ ಹೇಳಿ ಬಂದಿದ್ದೆ."

ಅವನ ಮುಖ ಬಿಳಿಚಿಕೊಂಡಿತು. ಅದುವರೆಗೆ ಇನ್ನೂರು ಜನ ನಕ್ಕರೂ ಹಾಗಾಗಿರಲಿಲ್ಲ. "ಹೋಗ್ತೀಯಾ?"

"ಅಲ್ಲಿ ಬಿಸಿಲೇ ಬರಲ್ಲ. ಹೋಗಲ್ಲ."

ಮತ್ತೆ ಕತ್ತಲೆಯಾಯಿತು. 'ಭಾಗ ಎರಡು' ಅಂತ ಬಂತು, ಅದರ ಹಿಂದೆ ಸುಟ್ಟ ಮನೆ, ಅಟ್ಟದ ಮೇಲೆ ಮೊದಲ ಹೆಜ್ಜೆ ಸದ್ದು. ಒಂದೊಂದು ಮಾತೂ ಬಾಯಿಪಾಠವಿದ್ದ ಅಧ್ಯಕ್ಷ ಅಭ್ಯಾಸಬಲದಿಂದ ಅವಳ ಕಿವಿಗೆ ಬಗ್ಗಿದ. "ನೋಡು, ಈಗ ಬಾಗಿಲು ತೆಗೀತಾನೆ, ಇಲ್ಲಿ ಗಮನಿಸಬೇಕಾದ್ದು ಏನಂದ್ರೆ..."

ಅವಳು ಅವನ ಬಾಯಿ ಮೇಲೆ ಅಂಗೈ ಇಟ್ಟಳು.

"ಸುಮ್ಮನಿರಿ. ಇದು ನನ್ನದು, ನಾನು ನೋಡ್ಕೊಳ್ತೀನಿ."

ಸಿನಿಮಾ ಮುಗಿಯುವವರೆಗೆ ಅವನು ತುಟಿ ಬಿಚ್ಚಲಿಲ್ಲ.